ಬೆಳಗಿನ ಚಳಿ, ಮಧ್ಯಾಹ್ನದ ಬಿಸಿಲು: ನಮ್ಮ ಮಾಗಿಗೆ ತಕ್ಕ ಉಡುಗೆ

ಡಿಸೆಂಬರ್ ಕೊನೆಯ ವಾರ, ಬೆಳಗಿನ ಆರೂವರೆ. ಬೆಂಗಳೂರಿನ ಬಸ್ ನಿಲ್ದಾಣದಲ್ಲಿ ನಿಂತವರೆಲ್ಲ ಕತ್ತನ್ನು ಹೆಗಲೊಳಗೆ ಎಳೆದುಕೊಂಡು, ಕೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡಿರುತ್ತಾರೆ. ಮೈಮೇಲೆ ದಪ್ಪ ಜಾಕೆಟ್, ಅದರೊಳಗೆ ಒಂದು ತೆಳು ಅಂಗಿ. ಅದೇ ಜನರನ್ನು ಮಧ್ಯಾಹ್ನದ ಊಟದ ಹೊತ್ತಿಗೆ ನೋಡಿ. ಜಾಕೆಟ್ ಕುರ್ಚಿಯ ಬೆನ್ನಿಗೆ ಜೋತುಬಿದ್ದಿರುತ್ತದೆ, ಅಂಗಿ ಬೆವರಿಗೆ ಮೈಗಂಟಿರುತ್ತದೆ. ಸಂಜೆ ಏಳಕ್ಕೆ ಆ ಒದ್ದೆ ಅಂಗಿಯ ಮೇಲೇ ಮತ್ತೆ ಜಾಕೆಟ್ ಏರುತ್ತದೆ. ಮನೆ ಸೇರುವಷ್ಟರಲ್ಲಿ ಬೆನ್ನು ತಣ್ಣಗೆ ಕೊರೆಯತೊಡಗುತ್ತದೆ.

ನಮ್ಮ ಚಳಿಗಾಲದ ನಿಜವಾದ ತೊಡಕು ಈ ಏರಿಳಿತ. ಬೆಂಗಳೂರಿನಲ್ಲಿ ಡಿಸೆಂಬರ್–ಜನವರಿಯ ಬೆಳಗಿನ ಜಾವಕ್ಕೆ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ, ಮಧ್ಯಾಹ್ನಕ್ಕೆ 27–28 ಆಗುತ್ತದೆ. ನಗರದ ದಾಖಲೆಯ ಚಳಿ 1884ರ ಜನವರಿ 13ರದು: 7.8 ಡಿಗ್ರಿ. ಬೀದರ್, ವಿಜಯಪುರಗಳ ಕಡೆ ಅಂತರ ಇನ್ನೂ ದೊಡ್ಡದು. ಶೀತಗಾಳಿ ಬೀಸಿದ ದಿನ ಬೆಳಿಗ್ಗೆ 10 ಡಿಗ್ರಿಗಿಂತ ಕೆಳಗಿಳಿದದ್ದು, ಮಧ್ಯಾಹ್ನ ಎರಡರ ಬಿಸಿಲಿಗೆ ನೆತ್ತಿ ಕಾಯುವಷ್ಟಾಗುತ್ತದೆ. ಮಳೆ ಮುಗಿದ ಮೇಲೆ ಬಯಲುಸೀಮೆಯ ಗಾಳಿ ಒಣಗುತ್ತದೆ, ಆಕಾಶ ತಿಳಿಯಾಗುತ್ತದೆ. ಹಗಲು ನೆಲ ಹೀರಿದ ಕಾವು ರಾತ್ರಿ ಯಾವ ತಡೆಯೂ ಇಲ್ಲದೆ ಮೇಲಕ್ಕೆ ಹೋಗಿಬಿಡುತ್ತದೆ. ಮೋಡ ಕವಿದ ರಾತ್ರಿ ಚಳಿ ಕಡಿಮೆ ಅನ್ನಿಸುವುದಕ್ಕೆ ಕಾರಣವೂ ಇದೇ. ಅಂದು ಮೋಡವೇ ಊರಿಗೆ ಹೊದಿಕೆ. ಸಮುದ್ರದ ತೇವ ಸದಾ ಇರುವ ಮಂಗಳೂರಿನಲ್ಲಿ ಈ ಆಟ ನಡೆಯುವುದಿಲ್ಲ. ಅಲ್ಲಿಯವರಿಗೆ ಜನವರಿಯ ರಾತ್ರಿಗೂ ಒಂದು ತೆಳು ಹೊದಿಕೆ ಸಾಕು.

ಇಷ್ಟು ತಿಳಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ದಿನವಿಡೀ ಚಳಿ ಇರುವ ಊರಿಗಾಗಿ ಹೊಲಿದ ದಪ್ಪ ಉಡುಪು ನಮಗೆ ಒಗ್ಗುವುದಿಲ್ಲ. ಹಾಕಿಕೊಂಡರೆ ಬೇಯುತ್ತೇವೆ, ತೆಗೆದರೆ ನಡುಗುತ್ತೇವೆ, ನಡುವಿನ ಸ್ಥಿತಿಯೇ ಇಲ್ಲ. ನಮಗೆ ಬೇಕಾದದ್ದು ಒಂದೊಂದಾಗಿ ಕಳಚಬಹುದಾದ, ಕಳಚಿದ ಮೇಲೂ ನೋಡಲು ಚೆನ್ನಾಗಿರುವ ತೆಳು ಪದರಗಳು.

ಬಟ್ಟೆ ಬಿಸಿ ಕೊಡುವುದಿಲ್ಲ

‘ಈ ಸ್ವೆಟರ್ ತುಂಬಾ ಬಿಸಿ’ ಎಂದು ನಾವೆಲ್ಲ ಹೇಳುತ್ತೇವೆ. ಆದರೆ ಸ್ವೆಟರಿಗೆ ಕಾವು ಹುಟ್ಟಿಸುವ ಶಕ್ತಿ ಇಲ್ಲ. ಕಾವು ಹುಟ್ಟುವುದು ನಮ್ಮ ಮೈಯಲ್ಲಿ. ಸುಮ್ಮನೆ ಕುಳಿತ ವಯಸ್ಕನೊಬ್ಬನ ದೇಹ ಸುಮಾರು 100 ವಾಟ್‌ನಷ್ಟು ಶಾಖವನ್ನು ಬಿಡುತ್ತಿರುತ್ತದೆ. ಹಳೆಯ ಕಾಲದ ನೂರು ಕ್ಯಾಂಡಲ್ ಬಲ್ಬನ್ನು ನೆನಪಿಸಿಕೊಳ್ಳಿ. ಆ ಕಾವು ಎಷ್ಟು ಬೇಗ ಹೊರಗೆ ಸೋರಿಹೋಗಬೇಕು ಎಂಬುದನ್ನಷ್ಟೇ ಬಟ್ಟೆ ನಿರ್ಧರಿಸುತ್ತದೆ. ಮಂಜುಗಡ್ಡೆಯನ್ನು ಕಂಬಳಿಯಲ್ಲಿ ಸುತ್ತಿಟ್ಟರೆ ಅದು ಬೇಗ ಕರಗುವುದಿಲ್ಲ. ಐಸ್ ಮಾರುವವರು ಗಡ್ಡೆಯನ್ನು ಹೊಟ್ಟಿನಲ್ಲಿ ಹೂತು ಗೋಣಿ ಹೊದಿಸುತ್ತಿದ್ದರಲ್ಲ, ಅದೂ ಇದೇ ಲೆಕ್ಕ. ಒಳಗಿನದು ಒಳಗೆ, ಹೊರಗಿನದು ಹೊರಗೆ.

ಈ ತಡೆಯುವ ಕೆಲಸವನ್ನೂ ಬಹುಮಟ್ಟಿಗೆ ಮಾಡುವುದು ನೂಲಲ್ಲ, ನೂಲಿನ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ. ಅಲುಗದೆ ನಿಂತ ಗಾಳಿಯ ಮೂಲಕ ಕಾವು ಬಹಳ ನಿಧಾನವಾಗಿ ಹರಿಯುತ್ತದೆ. ನೀರಿನ ಮೂಲಕ ಅದು ಹರಿಯುವುದು ಅದರ 20 ಪಟ್ಟಿಗೂ ಹೆಚ್ಚು ವೇಗದಲ್ಲಿ. ಬೆವರಿನಿಂದ ತೊಯ್ದ ಅಂಗಿ ಸಂಜೆ ಬೆನ್ನು ಕೊರೆಯುವುದು ಇದಕ್ಕೇ: ಗಾಳಿ ಇರಬೇಕಾದ ಜಾಗದಲ್ಲಿ ನೀರು ಕುಳಿತಿದೆ.

ಇದನ್ನು ನಾನು ಮೊದಲು ಕಲಿತದ್ದು ಅಜ್ಜಿಯ ಕೌದಿಯಿಂದ. ಮೆತ್ತಗಾದ ಹಳೆಯ ಹತ್ತಿ ಸೀರೆ, ಸವೆದ ಧೋತರ, ಯಾರದೋ ಲಂಗದ ತುಂಡು, ಹೀಗೆ ಐದಾರು ಪದರಗಳನ್ನು ಒಂದರ ಮೇಲೊಂದು ಹಾಸಿ, ಬೆರಳುದ್ದದ ಹೊಲಿಗೆಗಳನ್ನು ಸಾಲುಸಾಲಾಗಿ ಹಾಕಿದ ಹೊದಿಕೆ ಅದು. ಕೈಯಾಡಿಸಿದರೆ ಹೊಲಿಗೆಯ ಗೆರೆ ತಗ್ಗಾಗಿಯೂ ಎರಡು ಗೆರೆಗಳ ನಡುವಿನ ಜಾಗ ಉಬ್ಬಾಗಿಯೂ ಬೆರಳಿಗೆ ಸಿಗುತ್ತಿತ್ತು. ಆ ಉಬ್ಬಿನಲ್ಲಿ ಇದ್ದದ್ದು ಗಾಳಿ. ಒಂದೊಂದಾಗಿ ನೋಡಿದರೆ ಬಿಸಾಡಬೇಕೆನ್ನಿಸುವ ಬಟ್ಟೆಗಳು, ಒಟ್ಟಾದಾಗ ಧಾರವಾಡದ ಜನವರಿಯನ್ನು ತಡೆದು ನಿಲ್ಲಿಸುತ್ತಿದ್ದವು. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಮಹಿಳೆಯರು ಹೊಲಿಯುವ ಕೌದಿ ಇದರ ಬಂಧುವೇ. ಅವರು ಅಂಚಿನಿಂದ ಹೊಲಿಯುತ್ತ ಸುತ್ತು ಬಳಸಿ ನಡುವಿಗೆ ಬಂದು ಮುಗಿಸುತ್ತಾರೆ, ಮೂಲೆಗಳಿಗೆ ಮಡಿಸಿದ ಬಣ್ಣದ ಬಟ್ಟೆಯ ಹೂವನ್ನಿಡುತ್ತಾರೆ. ಬೆಚ್ಚಗಿರುವುದೂ ಚೆಂದವಾಗಿರುವುದೂ ಬೇರೆ ಬೇರೆ ಕೆಲಸ ಎಂದು ಆ ಕೈಗಳಿಗೆ ಅನ್ನಿಸಿದ್ದೇ ಇಲ್ಲ.

ಎರಡು ತೆಳುವೋ, ಒಂದು ದಪ್ಪವೋ?

ಇದಕ್ಕೆ ಬಾಯಿಮಾತಿನ ಉತ್ತರ ಬೇಕಿಲ್ಲ, ಅಳತೆಯೇ ಇದೆ. ಬಟ್ಟೆ ಕಾವನ್ನು ಎಷ್ಟು ತಡೆಯುತ್ತದೆ ಎಂದು ಹೇಳಲು 1941ರಲ್ಲಿ ವಿಜ್ಞಾನಿಗಳು ‘ಕ್ಲೋ’ ಎಂಬ ಮಾನವನ್ನು ರೂಪಿಸಿದರು. 21 ಡಿಗ್ರಿಯ ಕೋಣೆಯಲ್ಲಿ ಸುಮ್ಮನೆ ಕುಳಿತ ವ್ಯಕ್ತಿಗೆ ಹಿತವೆನಿಸುವಷ್ಟು ಉಡುಪು ಒಂದು ಕ್ಲೋ. ಕೋಟು, ಪ್ಯಾಂಟು, ಒಳಗೆ ಅಂಗಿ ಎಲ್ಲ ಸೇರಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಈ ಲೆಕ್ಕದಲ್ಲಿ ಅರ್ಧ ತೋಳಿನ ಟೀ ಶರ್ಟ್‌ಗೆ 0.08, ತುಂಬುತೋಳಿನ ಅಂಗಿಗೆ 0.25, ತೆಳು ಸ್ವೆಟರಿಗೆ 0.25, ದಪ್ಪ ಸ್ವೆಟರಿಗೆ 0.36.

ಕೊನೆಯ ಎರಡು ಅಂಕಿಗಳನ್ನು ಇನ್ನೊಮ್ಮೆ ನೋಡಿ. ತೆಳುವಿನಿಂದ ದಪ್ಪಕ್ಕೆ ಹೋದರೆ ಸಿಗುವ ಲಾಭ 0.11 ಮಾತ್ರ. ಆದರೆ ಎರಡು ತೆಳು ಸ್ವೆಟರುಗಳು ಸೇರಿದರೆ 0.50ರ ಹತ್ತಿರ ಬರುತ್ತದೆ, ಏಕೆಂದರೆ ಎರಡರ ನಡುವೆ ಇನ್ನೊಂದು ಗಾಳಿಯ ಪದರ ನಿಲ್ಲುತ್ತದೆ. ಹತ್ತು ಗಂಟೆಗೆ ಒಂದನ್ನು ತೆಗೆಯಬಹುದು, ಹನ್ನೊಂದಕ್ಕೆ ಇನ್ನೊಂದನ್ನು. ಟೀ ಶರ್ಟ್ ಬದಲು ತುಂಬುತೋಳಿನ ಅಂಗಿ ತೊಟ್ಟರಂತೂ ಒಂದು ತೆಳು ಸ್ವೆಟರಿನ ಮೂರರಲ್ಲಿ ಎರಡು ಪಾಲು ಕೆಲಸ ಅಲ್ಲಿಗೇ ಆಯಿತು. ಈ ಮೂರು ತಿಂಗಳು ಅರ್ಧ ತೋಳನ್ನು ಕಪಾಟಿನಲ್ಲಿಟ್ಟುಬಿಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದೇ ಕಾರಣಕ್ಕೆ.

ಪದರಗಳು ಒಂದಕ್ಕೊಂದು ಸಡಿಲವಾಗಿ ಕೂರಬೇಕು. ಬಿಗಿಯಾದರೆ ನಡುವಿನ ಗಾಳಿ ಹಿಂಡಿಹೋಗುತ್ತದೆ. ಬಿಗಿ ಬೂಟಿನೊಳಗೆ ಎರಡು ಜೊತೆ ಕಾಲುಚೀಲ ತುರುಕಿಕೊಂಡವರ ಪಾದ ಇನ್ನಷ್ಟು ತಣ್ಣಗಾಗುವುದು ಹೀಗೆಯೇ. ಅಲ್ಲಿ ಗಾಳಿಗೂ ಜಾಗವಿಲ್ಲ, ರಕ್ತದ ಓಡಾಟಕ್ಕೂ ಎಡೆಯಿಲ್ಲ.

ಇನ್ನು ಸ್ಕೂಟರಿನ ಮಾತು. ಹೆಣೆದ ಬಟ್ಟೆಯಲ್ಲಿ ಕಣ್ಣುಗಳಿರುತ್ತವೆ. ನಿಂತಲ್ಲಿ ಅವು ಗಾಳಿಯನ್ನು ಹಿಡಿದಿಡುತ್ತವೆ, ಓಡುವ ಗಾಡಿಯ ಮೇಲೆ ಅದೇ ಕಣ್ಣುಗಳಿಂದ ಎಲ್ಲವೂ ಹಾರಿಹೋಗುತ್ತದೆ. ಹವಾಮಾನ ಇಲಾಖೆಗಳು ಬಳಸುವ ಸೂತ್ರದ ಪ್ರಕಾರ 10 ಡಿಗ್ರಿಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿಗೆ ಮುಖವೊಡ್ಡಿದರೆ ಚರ್ಮಕ್ಕೆ ಅದು ಸುಮಾರು 6 ಡಿಗ್ರಿಯ ಚಳಿಯಂತೆ ತಗಲುತ್ತದೆ. ನಸುಕಿನಲ್ಲಿ ಹಾಲು ಹಾಕುವವರು, ಪತ್ರಿಕೆ ಹಂಚುವವರು ಅಂಗಿಯೊಳಗೆ ಎದೆಗೆ ಅಡ್ಡವಾಗಿ ಒಂದು ದಿನಪತ್ರಿಕೆ ಇಟ್ಟುಕೊಳ್ಳುವುದನ್ನು ನೋಡಿದ್ದೇನೆ. ಕಾಗದದಲ್ಲಿ ಕಣ್ಣುಗಳಿಲ್ಲ, ಗಾಳಿ ನುಗ್ಗುವುದಿಲ್ಲ. ಮಳೆಗಾಲದ ತೆಳು ಜರ್ಕಿನ್ ಕೂಡ ಅದೇ ಕೆಲಸ ಮಾಡುತ್ತದೆ. ಸ್ವೆಟರಿನ ಮೇಲೆ ಅದನ್ನು ಹಾಕಿಕೊಳ್ಳಿ, ಇಳಿದ ಮೇಲೆ ಮಡಿಸಿ ಚೀಲಕ್ಕೆ ಸೇರಿಸಿ. ಸಾವಿರಾರು ರೂಪಾಯಿಯ ರೈಡಿಂಗ್ ಜಾಕೆಟ್ ಬೀಳುವ ಭಯಕ್ಕೆ ಬೇಕಾದೀತು, ನಮ್ಮ ಚಳಿಗೆ ಬೇಕಿಲ್ಲ.

ಉಣ್ಣೆ, ಹತ್ತಿ, ಅಕ್ರಿಲಿಕ್

ನವೆಂಬರ್ ಬಂತೆಂದರೆ ನಮ್ಮ ಊರುಗಳ ಮೈದಾನದ ಅಂಚಿನಲ್ಲಿ ಟಿಬೆಟನ್ನರ ಸ್ವೆಟರ್ ಮಳಿಗೆಗಳು ಸಾಲಾಗಿ ಏಳುತ್ತವೆ. ಬೈಲಕುಪ್ಪೆ, ಮುಂಡಗೋಡಗಳಲ್ಲಿ 1960ರ ದಶಕದಲ್ಲಿ ನೆಲೆ ಕಂಡ ಸಮುದಾಯದ ಎಷ್ಟೋ ಕುಟುಂಬಗಳಿಗೆ ಈ ಎರಡು ಮೂರು ತಿಂಗಳ ವ್ಯಾಪಾರವೇ ವರ್ಷದ ಆಸರೆ. ಮಾಲು ಹೆಚ್ಚಾಗಿ ಲುಧಿಯಾನದ್ದು. ಅಲ್ಲಿ ಸಿಗುವುದರಲ್ಲಿ ಬಹುಪಾಲು ಅಕ್ರಿಲಿಕ್ ಎಂಬ ಕೃತಕ ನೂಲಿನದು, ಕೆಲವು ಉಣ್ಣೆ ಬೆರೆತದ್ದು. ಗುರುತಿಸಲು ಮೊದಲು ಒಳಗಿನ ಚೀಟಿ ಓದಿ. ಚೀಟಿಯ ಮೇಲೆ ನಂಬಿಕೆ ಬಾರದಿದ್ದರೆ ಮನೆಗೆ ಬಂದ ಮೇಲೆ ಅಂಚಿನ ಒಂದು ಎಳೆಯನ್ನು ಚಿಮುಟದಲ್ಲಿ ಹಿಡಿದು ದೀಪಕ್ಕೆ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಿಗೆ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಉಣ್ಣೆಯ ಹೆಚ್ಚುಗಾರಿಕೆ ಇರುವುದು ತೇವದ ಜೊತೆ ಅದು ನಡೆದುಕೊಳ್ಳುವ ರೀತಿಯಲ್ಲಿ. ತನ್ನ ತೂಕದ 30 ಪ್ರತಿಶತದಷ್ಟು ಆವಿಯನ್ನು ಎಳೆಯೊಳಗೆ ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆ ಅನ್ನಿಸುವುದಿಲ್ಲ. ಹೀರುವಾಗ ಚೂರು ಕಾವನ್ನೂ ಬಿಡುತ್ತದೆ. ಎಳೆಯ ಸುರುಳಿ ಗುಣದಿಂದಾಗಿ ಬಟ್ಟೆ ಬೇಗ ಚಪ್ಪಟೆಯಾಗದೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಹತ್ತಿ ಬೆವರನ್ನು ಕುಡಿದು ಒಣಗಲು ಹೊತ್ತು ಹಿಡಿಯುತ್ತದೆ, ಅಕ್ರಿಲಿಕ್ ಕುಡಿಯುವುದೇ ಇಲ್ಲ. ಹಾಗೆಂದು ಹತ್ತಿಯನ್ನು ದೂರುವುದಿಲ್ಲ. ನಮ್ಮ ಮಧ್ಯಾಹ್ನಕ್ಕೆ ಮೈಗೆ ತಾಗುವ ಪದರ ಹತ್ತಿಯದೇ ಆಗಿರಲಿ. ಬೆಳಿಗ್ಗೆ ಓಡಾಡಿ ಬೆವರುವವರು ಚೀಲದಲ್ಲಿ ಇನ್ನೊಂದು ಒಣ ಬನಿಯನ್ ಇಟ್ಟುಕೊಂಡು ಸಂಜೆ ಹೊರಡುವ ಮುನ್ನ ಬದಲಿಸಿದರೆ, ಆ ಅಂಗೈಯಗಲದ ಬಟ್ಟೆ ಒಂದು ಜಾಕೆಟ್ಟಿನಷ್ಟೇ ಉಪಕಾರ ಮಾಡುತ್ತದೆ.

ಉಣ್ಣೆಯ ಮಾತು ಬಂದ ಮೇಲೆ ಕಂಬಳಿಯನ್ನು ಬಿಟ್ಟು ಮುಂದೆ ಹೋಗಲಾರೆ. ಚಳ್ಳಕೆರೆಯ ಕಂಬಳಿ, ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯ ಕಂಬಳಿ ಎಂದು ಹೆಸರು ಹೇಳಿ ಕೊಳ್ಳುವ ಜನ ಇಂದಿಗೂ ಇದ್ದಾರೆ. ದಖನಿ ಕುರಿಯ ಉಣ್ಣೆ ಅದು. ಬಣ್ಣ ಹಾಕುವುದಿಲ್ಲ, ಕುರಿಯ ಕಪ್ಪೇ ಕಂಬಳಿಯ ಕಪ್ಪು. ಕುರುಬರ ಮನೆಗಳಲ್ಲಿ ಕೈಯಿಂದ ನೂತ ನೂಲನ್ನು ಹಾಸು ಹೂಡಿ, ಹುಣಸೆ ಬೀಜವನ್ನು ಅರೆದು ಕಾಯಿಸಿದ ಗಂಜಿಯನ್ನು ಎಳೆಗಳಿಗೆ ಸವರಿ, ಬಿಸಿಲಿನಲ್ಲಿ ಒಣಗಿಸಿ, ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವ ಗುಣಿಮಗ್ಗಕ್ಕೆ ಏರಿಸುತ್ತಾರೆ. ಹೊಸ ಕಂಬಳಿಯನ್ನು ಕೈಗೆತ್ತಿಕೊಂಡರೆ ಹಲಗೆಯಂತೆ ಸೆಟೆದಿರುತ್ತದೆ, ಮೂಗಿಗೆ ಹಿಡಿದರೆ ಕುರಿಯ ಕಮಟು ವಾಸನೆಯ ಜೊತೆಗೆ ಆ ಗಂಜಿಯ ಹುಳಿಯೂ ಬರುತ್ತದೆ. ಬಳಸುತ್ತ ಬಳಸುತ್ತ ಗಂಜಿ ಬಿಟ್ಟು ಮೈಗೆ ಒಗ್ಗುತ್ತದೆ. ಕುರಿಗಾಹಿಗೆ ಅದು ಬೆಳಗಿನ ಜಾವ ಹೊದಿಕೆ, ಬಿಸಿಲೇರಿದಾಗ ಹೆಗಲ ಮೇಲಿನ ಮಡಿಕೆ, ಮಳೆ ಬಂದರೆ ತಲೆಯ ಮೇಲಿನ ಕೊಪ್ಪೆ, ರಾತ್ರಿ ಹಾಸಿಗೆ. ಏರಿಳಿತದ ಹವೆಗೆ ಇದಕ್ಕಿಂತ ತಕ್ಕ ಉಡುಗೆಯನ್ನು ನಾನು ಕಂಡಿಲ್ಲ.

‘ಚುಚ್ಚುತ್ತದೆ’ ಎಂಬ ದೂರು ನಿಜ. ಉಣ್ಣೆಯ ಎಳೆ ಸುಮಾರು 30 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪವಾದರೆ ಅದರ ತುದಿ ಬಾಗದೆ ಚರ್ಮವನ್ನು ತಿವಿಯುತ್ತದೆ. ದಖನಿ ಉಣ್ಣೆಯಲ್ಲಿ ಅಂಥ ಒರಟು ಎಳೆಗಳು ಸಾಕಷ್ಟಿವೆ. ಮೆರಿನೊ ತಳಿಯ ಕುರಿಯ ನಯವಾದ ಉಣ್ಣೆ ಇಪ್ಪತ್ತರ ಆಸುಪಾಸಿನಲ್ಲಿರುವುದರಿಂದ ಬರಿಮೈಗೂ ಹಿತ. ಉಣ್ಣೆ ಎಂದರೆ ಅಲರ್ಜಿ ಎನ್ನುವ ಬಹಳ ಜನರಿಗೆ ತೊಂದರೆ ಕೊಡುತ್ತಿರುವುದು ಈ ದಪ್ಪವೇ. ಒಳಗೆ ತುಂಬುತೋಳಿನ ಹತ್ತಿ ಇದ್ದರೆ ತಿವಿತವಿಲ್ಲ. ಬಿಳಿ ಖಾದಿ ಅಂಗಿಯ ಮೇಲೆ ಕರಿ ಉಣ್ಣೆಯ ಶಾಲನ್ನು ಎಡ ಹೆಗಲಿಗೆ ಇಳಿಬಿಟ್ಟು ನಡೆದರೆ, ಅದಕ್ಕೆ ಸಮನಾದ ಗತ್ತು ಬೇರೆ ಉಡುಪಿಗೆ ಸುಲಭವಾಗಿ ಬಾರದು.

ಎಲ್ಲಿ ಮುಚ್ಚಬೇಕು

ದೇಹ ತಣ್ಣಗಾಗುತ್ತ ಬಂದಾಗ ಅದು ಮೊದಲು ಕಾಯುವುದು ಎದೆ, ಹೊಟ್ಟೆಗಳನ್ನು. ಕೈಕಾಲಿಗೆ ಹರಿಯುವ ರಕ್ತವನ್ನು ತಗ್ಗಿಸಿ ಒಳಗಿನ ಅಂಗಗಳಿಗೆ ಕಾವು ಉಳಿಸುತ್ತದೆ. ಆದ್ದರಿಂದ ಬೆರಳು ಜೋಮು ಹಿಡಿದರೆ ಕೈಗವಸು ಹುಡುಕುವ ಮೊದಲು ಎದೆ ಬೆಚ್ಚಗಿದೆಯೇ ಎಂದು ನೋಡಬೇಕು. ನಮ್ಮ ಹಳೆಯ ಶಾಲಾ ಮಾಸ್ತರರು ತುಂಬುತೋಳಿನ ಅಂಗಿಯ ಮೇಲೆ ತೋಳಿಲ್ಲದ ಸ್ವೆಟರ್ ತೊಡುತ್ತಿದ್ದರಲ್ಲ, ಆ ಜೋಡಿ ಶರೀರಶಾಸ್ತ್ರಕ್ಕೆ ಸರಿಯಾಗಿ ಹೊಂದುತ್ತದೆ. ಎದೆ ಬೆಚ್ಚಗೆ, ತೋಳು ಹಗುರ, ಬೋರ್ಡಿನ ಮೇಲೆ ಬರೆಯಲು ಅಡ್ಡಿಯಿಲ್ಲ. ಮಧ್ಯಾಹ್ನ ತಲೆಯ ಮೇಲಿಂದ ಎಳೆದರೆ ಮುಗಿಯಿತು. ಇಂದಿನ ಕಚೇರಿಗೂ ಅದು ಒಪ್ಪುತ್ತದೆ. ಬೂದು, ಕಂದು, ಕಡುನೀಲಿಯಲ್ಲಿ ಒಂದು ಇದ್ದರೆ ಎಲ್ಲ ಅಂಗಿಗೂ ಸಲ್ಲುತ್ತದೆ. ಗಾಢ ಬಣ್ಣದ ಆಸೆಯನ್ನು ಮಫ್ಲರಿನಲ್ಲಿ ತೀರಿಸಿಕೊಳ್ಳಬಹುದು.

ಕಾವಿನ ಅರ್ಧದಷ್ಟು ತಲೆಯಿಂದಲೇ ಹೋಗುತ್ತದೆ ಎಂಬ ಮಾತು ಜನಜನಿತ. ದೊಡ್ಡವರ ಮಟ್ಟಿಗೆ ಇದು ಸರಿಯಲ್ಲ. ವಯಸ್ಕರ ತಲೆ ದೇಹದ ಮೇಲ್ಮೈಯ ಹತ್ತರಲ್ಲೊಂದು ಪಾಲಿನ ಒಳಗೇ ಇದೆ, ಕಾವು ಹೋಗುವುದೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ. ಕಿವಿ, ಮುಖ, ಕತ್ತಿಗೆ ಚಳಿ ಚುರುಕಾಗಿ ತಟ್ಟುವುದರಿಂದ ಟೋಪಿ ಹಿತವೆನಿಸುತ್ತದೆ. ಎಳೆಗೂಸಿನ ವಿಷಯ ಬೇರೆ. ಅದರ ತಲೆಯೇ ಮೈಯ ಐದನೇ ಒಂದು ಭಾಗದ ಹತ್ತಿರ. ಉತ್ತರ ಕರ್ನಾಟಕದಲ್ಲಿ ಖಣದ ಬಟ್ಟೆಯಲ್ಲಿ ಹೊಲಿಯುವ ಕುಂಚಿಗೆ ಇದೆಯಲ್ಲ, ತಲೆ, ಕಿವಿ, ಕತ್ತು, ಬೆನ್ನನ್ನು ಒಂದೇ ತುಂಡಿನಲ್ಲಿ ಮುಚ್ಚುವ ಆ ಉಡುಗೆ ಕೂಸಿನ ಅಳತೆಯನ್ನು ಬಲ್ಲವರು ಮಾಡಿದ್ದು.

ಸೀರೆ ಉಡುವವರಿಗೆ ಚಳಿಗಾಲದಲ್ಲಿ ಒಂದು ಲಾಭವೂ ಒಂದು ನಷ್ಟವೂ ಇದೆ. ಸೊಂಟದಿಂದ ಕೆಳಗೆ ಒಳಲಂಗ, ಸುತ್ತು, ನೆರಿಗೆ ಎಲ್ಲ ಸೇರಿ ಕೌದಿಯಷ್ಟೇ ಪದರಗಳು. ಬರಿದಾಗಿ ಉಳಿಯುವುದು ತೋಳು, ನಡು, ಪಾದ. ಆದರೆ ನಾವು ಮಾಡುವುದೇನು? ಮೇಲಿನಿಂದ ಒಂದು ದೊಗಳೆ ಸ್ವೆಟರ್ ತೊಟ್ಟು ಸೆರಗನ್ನು ಅದರೊಳಗೆ ಮುದುರಿಬಿಡುತ್ತೇವೆ. ಸೀರೆಯ ಚೆಲುವೆಲ್ಲ ಸೆರಗಿನಲ್ಲಿರುವಾಗ ನೋಡಿದವರಿಗೆ ಕಾಣುವುದು ಗುಂಡಿ ಕಿತ್ತ ಸ್ವೆಟರ್. ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಬೆಚ್ಚಗಿನ ಪದರವನ್ನು ಸೆರಗಿನ ಕೆಳಗೆ ತನ್ನಿ. ಕುತ್ತಿಗೆ ಮುಚ್ಚುವ, ತುಂಬುತೋಳಿನ, ನಡುವಿನವರೆಗೆ ಇಳಿಯುವ ತೆಳು ಉಣ್ಣೆಯ ಹೆಣಿಗೆ ಅಂಗಿಯನ್ನೇ ರವಿಕೆಯಾಗಿ ತೊಟ್ಟು ಅದರ ಮೇಲೆ ಸೀರೆ ಉಟ್ಟರೆ ತೋಳೂ ನಡುವೂ ಒಟ್ಟಿಗೆ ಮುಚ್ಚುತ್ತವೆ, ಸೆರಗು ಹೊರಗೆ ಹಾಯಾಗಿ ಹಾರಾಡುತ್ತದೆ. ಹೆಣಿಗೆ ಒಗ್ಗದವರು ಗುಳೇದಗುಡ್ಡದ ಖಣದಲ್ಲಿ ತುಂಬುತೋಳಿನ ರವಿಕೆ ಹೊಲಿಸಿ ಒಳಗೆ ಫ್ಲಾನೆಲ್ ಅಸ್ತರಿ ಹಾಕಿಸಬಹುದು. ಕಪ್ಪು ಒಡಲಿನ, ಕೆಂಪು ಸೆರಗಿನ ಇಳಕಲ್ ಸೀರೆಗೆ ಅಂಥ ರವಿಕೆ, ಮೇಲೊಂದು ಬಣ್ಣ ಹಾಕದ ಉಣ್ಣೆಯ ಶಾಲು: ಸಂಕ್ರಾಂತಿಯ ಬೆಳಿಗ್ಗೆ ಎಳ್ಳು ಬೀರಲು ಹೊರಟಾಗ ನಾನು ಉಡುವುದು ಇದನ್ನೇ. ಹತ್ತು ಗಂಟೆಗೆ ಶಾಲು ಮಡಿಕೆಯಾಗಿ ಕೈಗೆ ಬರುತ್ತದೆ, ಆಗಲೂ ಉಡುಗೆ ಅರ್ಧಕ್ಕೆ ಬಿಟ್ಟಂತೆ ಕಾಣುವುದಿಲ್ಲ. ಪಾದಕ್ಕೆ ಹೆಬ್ಬೆರಳು ಬೇರೆಯಾದ ಕಾಲುಚೀಲ ಸಿಗುತ್ತದೆ, ಚಪ್ಪಲಿಗೂ ಹೊಂದುತ್ತದೆ. ಸೀರೆಯ ಬಣ್ಣದ್ದೇ ಆರಿಸಿದರೆ ಕಣ್ಣಿಗೆ ಎದ್ದು ಕಾಣದು.

ಚಿಕಾಗೊದಲ್ಲೋ ಟೊರಾಂಟೊದಲ್ಲೋ ಇರುವ ಕನ್ನಡಿಗರ ಚಳಿ ಬೇರೆಯದು, ಆದರೆ ಏರಿಳಿತ ಅಲ್ಲೂ ಇದೆ. ಹೊರಗೆ ಹಿಮ, ಒಳಗೆ ಹೀಟರಿನ 21 ಡಿಗ್ರಿ. ಅವರು ಗಾಳಿ ತಡೆಯುವ ದಪ್ಪ ಕೋಟನ್ನು ಬಾಗಿಲಲ್ಲಿ ಕಳಚಿದ ಮೇಲೆ ಒಳಗಿನ ಪದರಗಳು ನಮ್ಮವೇ ಆಗಬಹುದು.

ಶಿವರಾತ್ರಿಗೆ ಚಳಿ ಶಿವಶಿವ ಎಂದು ಹೋಗುತ್ತದೆ ಎನ್ನುತ್ತಾರೆ. ಆ ಹೊತ್ತಿಗೆ ಉಣ್ಣೆಯನ್ನೆಲ್ಲ ಒಗೆದು ಎತ್ತಿಡಬೇಕು. ಉಣ್ಣೆಯ ಎಳೆಯ ಮೇಲೆ ಮೀನಿನ ಚಿಪ್ಪಿನಂಥ ಹುರುಪೆಗಳಿವೆ. ಬಿಸಿನೀರಿನಲ್ಲಿ ಉಜ್ಜಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಕುಗ್ಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ತಣ್ಣೀರಿಗೆ ಅಂಟುವಾಳದ ನೊರೆ ಬೆರೆಸಿ ಹತ್ತು ನಿಮಿಷ ನೆನೆಹಾಕಿ, ಹಿಂಡದೆ ಒತ್ತಿ ನೀರು ತೆಗೆಯಿರಿ. ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ಜಗ್ಗಿ ಆಕಾರ ಕೆಡುತ್ತದೆ, ಆದ್ದರಿಂದ ನೆರಳಿನಲ್ಲಿ ಚಾಪೆಯ ಮೇಲೆ ಹರಡಿ. ಉಣ್ಣೆಗೆ ತೂತು ಕೊರೆಯುವುದು ಹಾರುವ ಚಿಟ್ಟೆಯಲ್ಲ, ಅದರ ಮರಿಹುಳು. ಬೆವರು, ಸಾರಿನ ಕಲೆ ಇರುವ ಜಾಗವನ್ನೇ ಅದು ಮೊದಲು ಹುಡುಕಿಕೊಂಡು ಬರುತ್ತದೆ. ಕಲೆ ಉಳಿಸಿ ಮಡಿಸಿಡಬೇಡಿ. ಪೂರ್ತಿ ಒಣಗಿದ ಮೇಲೆ ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ನಡುನಡುವೆ ಒಣಗಿದ ಬೇವಿನೆಲೆ ಇಟ್ಟು ಪೆಟ್ಟಿಗೆಗೆ ಸೇರಿಸಿ. ಯುಗಾದಿ ಕಳೆದ ಮೇಲೊಮ್ಮೆ, ಮಳೆಗಾಲ ಹಿಡಿಯುವ ಮುನ್ನ ಮತ್ತೊಮ್ಮೆ ಹೊರತೆಗೆದು ಮಹಡಿಯ ಬಿಸಿಲಿಗೆ ಹರಡಿ ಕೊಡವಿ.